ದಿನ ತುಂಬದ ಕೂಸಿನ ಕಣ್ಣು: ಮೂವತ್ತು ದಿನಗಳ ಗಡುವು

ಕೂಸಿಗೆ ಐದು ತಿಂಗಳು. ಎತ್ತಿಕೊಂಡು ಬಂದವರು ಅಜ್ಜಿ, ಅವರ ಹಿಂದೆ ಸೆರಗು ಹೊದ್ದ ಬಾಣಂತಿ. "ಮುಖ ನೋಡಿ ನಗೋದೇ ಇಲ್ಲ ಸಾರ್. ದೀಪ ತೋರಿಸಿದರೂ ಕಣ್ಣು ಆ ಕಡೆ ತಿರುಗಿಸೋದಿಲ್ಲ. ಪಾಪೆ ನಡುವೆ ಬೆಳ್ಳಗೆ ಏನೋ ಹೊಳೆದ ಹಾಗೆ ಕಾಣುತ್ತೆ" ಎಂದು ಅಜ್ಜಿ ಹೇಳುತ್ತಾರೆ. ಹೆರಿಗೆ ಯಾವಾಗ ಆಯಿತು ಎಂದು ವೈದ್ಯರು ಕೇಳಿದರೆ, "ಏಳು ತಿಂಗಳಿಗೇ ಆಯಿತು. ಮೂರು ವಾರ ಪೆಟ್ಟಿಗೆಯಲ್ಲಿ ಇಟ್ಟು ಉಳಿಸಿಕೊಟ್ಟರು" ಎಂಬ ಉತ್ತರ. ಕಣ್ಣಿನ ಪರೀಕ್ಷೆ ಮಾಡಿಸಲು ಯಾರಾದರೂ ಹೇಳಿದ್ದರೇ? ತಾಯಿ ಚೀಲದಿಂದ ಮಡಿಚಿದ ಚೀಟಿಯೊಂದನ್ನು ತೆಗೆದು ಕೊಡುತ್ತಾಳೆ. ಅದರ ಕೊನೆಯ ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ಮೂರು ಅಕ್ಷರಗಳನ್ನು ಬರೆದಿದ್ದಾರೆ. ಅದೇನೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮಕ್ಕಳ ಕಣ್ಣಿನ ಆಸ್ಪತ್ರೆಗಳಲ್ಲಿ ಈ ದೃಶ್ಯ ಹೊಸದಲ್ಲ. ಊರು ಬೇರೆ ಇರಬಹುದು, ಅಜ್ಜಿಯ ಬದಲು ಚಿಕ್ಕಮ್ಮ ಬಂದಿರಬಹುದು, ಕಥೆ ಮಾತ್ರ ಒಂದೇ. ಆ ಮೂರು ಅಕ್ಷರ ಆರ್.ಓ.ಪಿ. ಪೂರ್ತಿ ಹೇಳಬೇಕೆಂದರೆ ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ. ಅಂದರೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಕ್ಕೆ ಬರುವ ಕಾಯಿಲೆ. ಹುಟ್ಟಿದ ಒಂದು ತಿಂಗಳೊಳಗೆ ನೋಡಿದರೆ ಬಹುತೇಕ ತಡೆಯಬಹುದಾದ ಕುರುಡು ಇದು. ಐದನೆಯ ತಿಂಗಳಲ್ಲಿ, ಪಾಪೆ ಬೆಳ್ಳಗಾದ ಮೇಲೆ ಬಂದರೆ, ಎಂತಹ ದೊಡ್ಡ ಆಸ್ಪತ್ರೆಗೆ ಹೋದರೂ ಮಾಡಲು ಉಳಿದಿರುವುದು ತೀರ ಸ್ವಲ್ಪ.

ಈ ಕಾಯಿಲೆಯನ್ನು ಹಳ್ಳಿಗಾಡಿನ ಆಸ್ಪತ್ರೆಗಳಲ್ಲೇ, ಕಣ್ಣಿನ ತಜ್ಞರಿಲ್ಲದ ಊರುಗಳಲ್ಲೇ ಪತ್ತೆ ಹಚ್ಚಲು ಒಂದು ಕ್ಯಾಮೆರಾ, ಒಂದು ಕಾರು ಮತ್ತು ಇಂಟರ್‌ನೆಟ್ ಇಟ್ಟುಕೊಂಡು ನಮ್ಮ ರಾಜ್ಯದಲ್ಲಿ ಮಾಡಿದ ಕೆಲಸ ದೇಶದ ಗಮನ ಸೆಳೆದಿದೆ. ಅದನ್ನು ತಿಳಿಯುವ ಮೊದಲು ಕಾಯಿಲೆ ಏನೆಂದು ನೋಡೋಣ.

ಬೇರಿನಂತೆ ಹರಡುವ ರಕ್ತನಾಳಗಳು

ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸಿದರೆ, ಒಳಗೆ ಹಿಂಬದಿಯ ಗೋಡೆಗೆ ಅಂಟಿಕೊಂಡಿರುವ ತೆಳು ಪೊರೆಯೇ ಅದರ ಫಿಲ್ಮ್. ಇದನ್ನು ಅಕ್ಷಿಪಟ ಅಥವಾ ರೆಟಿನಾ ಎನ್ನುತ್ತೇವೆ. ಈ ಪೊರೆಗೆ ರಕ್ತ ಒದಗಿಸುವ ನಾಳಗಳು ತಾಯಿಯ ಗರ್ಭದಲ್ಲಿ ಸುಮಾರು 16ನೇ ವಾರದಲ್ಲಿ ಕಣ್ಣಿನ ನರದ ಬುಡದಿಂದ ಹೊರಡುತ್ತವೆ. ಗಿಡದ ಬೇರಿನ ಹಾಗೆ ನಿಧಾನವಾಗಿ ಅಂಚಿನತ್ತ ಹರಡುತ್ತಾ ಹೋಗುತ್ತವೆ. ಮೂಗಿನ ಕಡೆಯ ಅಂಚನ್ನು ಸುಮಾರು 36ನೇ ವಾರಕ್ಕೂ, ಕಿವಿಯ ಕಡೆಯ ಅಂಚನ್ನು 40ನೇ ವಾರದ ಹೊತ್ತಿಗೂ ಮುಟ್ಟುತ್ತವೆ. ಅಂದರೆ ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಈ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ.

28 ಅಥವಾ 30 ವಾರಕ್ಕೇ ಹುಟ್ಟಿದ ಕೂಸಿನಲ್ಲಿ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಅಕ್ಷಿಪಟದ ಹೊರ ಅಂಚು ಇನ್ನೂ ನೀರು ಕಾಣದ ಹೊಲದಂತೆ ರಕ್ತನಾಳವಿಲ್ಲದೆ ಉಳಿದಿರುತ್ತದೆ. ಗರ್ಭದಲ್ಲಿ ಮಗುವಿಗೆ ಸಿಗುವ ಆಮ್ಲಜನಕದ ಮಟ್ಟ ಕಡಿಮೆ. ಹೊರಗೆ ಬಂದ ತಕ್ಷಣ ಅದು ಏಕಾಏಕಿ ಏರುತ್ತದೆ. ಉಸಿರಾಟಕ್ಕೆ ಆಮ್ಲಜನಕ ಕೊಡಬೇಕಾಗಿ ಬಂದರೆ ಇನ್ನೂ ಏರುತ್ತದೆ. ಬೇಕಾದಷ್ಟು ಆಮ್ಲಜನಕ ಸಿಕ್ಕಿತೆಂದು ನಾಳಗಳು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಇದು ಮೊದಲ ಹಂತ. ಕೆಲವು ವಾರಗಳ ನಂತರ ಅಕ್ಷಿಪಟ ಬಲಿಯುತ್ತಾ ಬಂದಂತೆ ಅದಕ್ಕೆ ರಕ್ತದ ಹಸಿವು ಹೆಚ್ಚುತ್ತದೆ. ಆಗ ರಕ್ತವಿಲ್ಲದ ಭಾಗ ಒಂದು ಬಗೆಯ ರಾಸಾಯನಿಕ ಸಂಕೇತವನ್ನು ಹೊರಡಿಸುತ್ತದೆ. ಆ ಕರೆಗೆ ಓಗೊಟ್ಟು ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅಡ್ಡಾದಿಡ್ಡಿಯಾಗಿ. ಪೊರೆಯೊಳಗೆ ಸಾಗುವ ಬದಲು ಕಣ್ಣಿನ ಟೊಳ್ಳಿನತ್ತ ಚಾಚುತ್ತವೆ, ರಕ್ತ ಸೋರುತ್ತವೆ, ಗಾಯ ಮಾಗಿದಂತೆ ಗಂಟುಕಟ್ಟಿ ಕುಗ್ಗುತ್ತವೆ. ಕುಗ್ಗುವಾಗ ಅಕ್ಷಿಪಟವನ್ನೇ ಹಿಡಿದೆಳೆದು ಗೋಡೆಯಿಂದ ಬಿಡಿಸಿಬಿಡುತ್ತವೆ. ಅಜ್ಜಿಗೆ ಪಾಪೆಯ ನಡುವೆ ಕಂಡ ಬಿಳಿ ಹೊಳಪು ಹೀಗೆ ಕಳಚಿ ಬಂದ ಅಕ್ಷಿಪಟ.

ವೈದ್ಯರು ಇದನ್ನು ಐದು ಹಂತಗಳಲ್ಲಿ ಗುರುತಿಸುತ್ತಾರೆ. ಮೊದಲೆರಡು ಹಂತದವು ಬಹಳ ಮಕ್ಕಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಮೂರನೆಯ ಹಂತದ ಸುತ್ತಮುತ್ತ ಚಿಕಿತ್ಸೆ ಬೇಕಾಗುತ್ತದೆ. ನಾಲ್ಕು, ಐದು ಎಂದರೆ ಪೊರೆ ಕಳಚಲು ಆರಂಭಿಸಿದೆ ಅಥವಾ ಪೂರಾ ಕಳಚಿದೆ ಎಂದರ್ಥ. ಕೆಲವು ತೀರ ಚಿಕ್ಕ ಶಿಶುಗಳಲ್ಲಿ ಮಾತ್ರ ಈ ಮೆಟ್ಟಿಲುಗಳನ್ನೆಲ್ಲ ಹಾರಿ ಕೆಲವೇ ದಿನಗಳಲ್ಲಿ ಕೊನೆಗೆ ತಲುಪುವ ಉಗ್ರರೂಪವೂ ಉಂಟು.

ಇಷ್ಟೆಲ್ಲ ಆಗುವಾಗ ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ಪಿಸುರು ಬರುವುದಿಲ್ಲ, ಕೂಸು ಅಳುವುದೂ ಇಲ್ಲ. ಒಂದೂವರೆ ತಿಂಗಳ ಮಗು ಹೇಗೂ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆಯಲ್ಲ. ಹಾಗಾಗಿ ತಾಯಿಗಾಗಲಿ, ಅನುಭವಸ್ಥ ಅಜ್ಜಿಗಾಗಲಿ ಕಣ್ಣು ನೋಡಿ ಈ ಕಾಯಿಲೆ ಗುರುತಿಸಲು ಸಾಧ್ಯವಿಲ್ಲ. ಟಾರ್ಚ್ ಬಿಟ್ಟು ನೋಡುವ ಶಿಶುತಜ್ಞರಿಗೂ ಕಾಣದು. ಪಾಪೆಯನ್ನು ಔಷಧ ಹಾಕಿ ಅರಳಿಸಿ, ಒಳಗಿನ ಅಂಚಿನವರೆಗೆ ಇಣುಕಿ ನೋಡಬೇಕು.

ಆಮ್ಲಜನಕದ ಹಳೆಯ ಪಾಠ

ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 1942ರಲ್ಲಿ, ಅಮೆರಿಕದ ಬೋಸ್ಟನ್ನಿನ ಟೆರ್ರಿ ಎಂಬ ನೇತ್ರತಜ್ಞರು. ಆಗಷ್ಟೇ ಅಲ್ಲಿನ ಆಸ್ಪತ್ರೆಗಳಿಗೆ ಆಮ್ಲಜನಕ ಹಾಯಿಸುವ ಹೊಸ ಬಗೆಯ ಗಾಜಿನ ಪೆಟ್ಟಿಗೆಗಳು ಬಂದಿದ್ದವು. ದಿನ ತುಂಬದ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಡುವುದು ರೂಢಿಯಾಯಿತು. ಮಕ್ಕಳೇನೋ ಬದುಕಿದರು, ಆದರೆ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡರು. ಕುರುಡು ಹೆಚ್ಚಾಗಿ ಕಂಡದ್ದು ಬಡ ಆಸ್ಪತ್ರೆಗಳಲ್ಲಲ್ಲ, ಒಳ್ಳೆಯ ಸಲಕರಣೆಗಳಿದ್ದ ಆಸ್ಪತ್ರೆಗಳಲ್ಲಿ. 1950ರಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರೂ ಹೀಗೆ ದೃಷ್ಟಿ ಕಳೆದುಕೊಂಡವರೇ.

1951ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಶಿಶುವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದ ಕಡೆಗೆ ಬೆರಳು ತೋರಿಸಿದರು. ಎರಡು ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ ಅದನ್ನು ದೃಢಪಡಿಸಿತು. ಆಗ ವೈದ್ಯರು ಇನ್ನೊಂದು ತುದಿಗೆ ಹಾರಿದರು, ಆಮ್ಲಜನಕವನ್ನು ಬಿಗಿಹಿಡಿದರು. ಕುರುಡು ಇಳಿಯಿತು, ಸಾವು ಏರಿತು. ಒಂದು ಕೂಸಿನ ಕಣ್ಣು ಉಳಿಸಲು ಹದಿನಾರು ಕೂಸುಗಳ ಪ್ರಾಣ ತೆತ್ತಂತಾಯಿತು ಎಂದು ನಂತರ ಲೆಕ್ಕ ಹಾಕಿದವರಿದ್ದಾರೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಈ ಲೇಖನ ಓದಿದ ಯಾರಾದರೂ ನಾಳೆ ತಮ್ಮ ಮಗುವಿಗೆ ಆಮ್ಲಜನಕ ಹಾಕಬೇಡಿ ಎಂದು ವೈದ್ಯರೊಡನೆ ಹಟ ಹಿಡಿಯಬಾರದು. ಬೇಕಾದ ಮಗುವಿಗೆ ಆಮ್ಲಜನಕ ಬೇಕೇ ಬೇಕು. ಎಷ್ಟು ಬೇಕು ಎಂಬುದಷ್ಟೇ ಪ್ರಶ್ನೆ. ಈಗ ಕೂಸಿನ ಪಾದಕ್ಕೋ ಅಂಗೈಗೋ ಸಣ್ಣ ಕೆಂಪು ದೀಪದ ಪಟ್ಟಿ ಸುತ್ತಿ ರಕ್ತದ ಆಮ್ಲಜನಕವನ್ನು ಕ್ಷಣಕ್ಷಣಕ್ಕೂ ಅಳೆಯುತ್ತಾರೆ. ಹೊರಗಿನಿಂದ ಆಮ್ಲಜನಕ ಪಡೆಯುತ್ತಿರುವ ದಿನ ತುಂಬದ ಕೂಸಿನಲ್ಲಿ ಈ ಅಂಕಿ ಸಾಮಾನ್ಯವಾಗಿ ನೂರಕ್ಕೆ 90ರಿಂದ 95ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ನಮ್ಮ ನಿಮ್ಮ ಬೆರಳಿಗೆ ಹಾಕಿದರೆ 98 ತೋರಿಸುತ್ತದೆ, ಮಗುವಿಗೆ ಮಾತ್ರ ಏಕೆ ಕಡಿಮೆ ಎಂದು ಗಾಬರಿಯಾಗಬೇಡಿ. ಅದು ಬೇಕೆಂದೇ ಮಾಡಿದ ಏರ್ಪಾಟು. ಗಾಳಿ ಮತ್ತು ಆಮ್ಲಜನಕವನ್ನು ಹದವಾಗಿ ಬೆರೆಸುವ ಯಂತ್ರ ಇಲ್ಲದ ಕಡೆ ಶುದ್ಧ ಆಮ್ಲಜನಕವೇ ಹೋಗುತ್ತದೆ. ಶ್ರೀಮಂತ ದೇಶಗಳಲ್ಲಿ ತೀರ ಪುಟ್ಟ ಶಿಶುಗಳಿಗೆ ಮಾತ್ರ ಬರುವ ಈ ಕಾಯಿಲೆ ನಮ್ಮಲ್ಲಿ ಒಂದೂವರೆ ಕಿಲೋ ದಾಟಿದ ಮಕ್ಕಳಲ್ಲೂ ಕಾಣಲು ಇದೊಂದು ಮುಖ್ಯ ಕಾರಣ. ಸೋಂಕು, ಮತ್ತೆ ಮತ್ತೆ ರಕ್ತ ಕೊಡಬೇಕಾಗಿ ಬರುವುದು, ಮಗುವಿನ ತೂಕ ಸರಿಯಾಗಿ ಏರದಿರುವುದು ಇವೂ ಸೇರಿಕೊಳ್ಳುತ್ತವೆ.

ತಜ್ಞರಿಲ್ಲದ ಊರಿಗೆ ಕ್ಯಾಮೆರಾ

ವಿಶ್ವಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುನ್ನ ಹುಟ್ಟಿದರು. ಇಷ್ಟು ಮಕ್ಕಳು ಜಗತ್ತಿನ ಬೇರಾವ ದೇಶದಲ್ಲೂ ಹುಟ್ಟಲಿಲ್ಲ. ಇವರಲ್ಲಿ ಎಲ್ಲರಿಗೂ ಕಣ್ಣಿನ ಅಪಾಯವಿಲ್ಲ ನಿಜ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳು ಬಂದ ಮೇಲೆ ಒಂದು ಕಿಲೋ, ಒಂದೂಕಾಲು ಕಿಲೋ ತೂಕದ ಕೂಸುಗಳೂ ಉಳಿಯುತ್ತಿವೆ. ಹಿಂದೆ ಇಂತಹವು ಉಳಿಯುವುದೇ ಅಪರೂಪವಾಗಿತ್ತು. ಉಳಿದ ಕೂಸಿನ ಕಣ್ಣು ನೋಡುವವರು ಯಾರು? ಶಿಶುವಿನ ಅಕ್ಷಿಪಟವನ್ನು ನೋಡಿ ತೀರ್ಮಾನ ಹೇಳಬಲ್ಲ ತಜ್ಞರು ದೇಶದಲ್ಲಿ ಕಡಿಮೆ, ಇರುವವರೂ ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಸಾಮಾನ್ಯ ಕಣ್ಣಿನ ವೈದ್ಯರಿಗೆ ಇದರ ಅಭ್ಯಾಸ ಇರುವುದಿಲ್ಲ.

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ಅವರ ತಂಡ ಇದಕ್ಕೊಂದು ದಾರಿ ಹುಡುಕಿತು. ಕಿಡ್‌ರಾಪ್ ಎಂಬುದು ಆ ಯೋಜನೆಯ ಹೆಸರು. ಕೂಸನ್ನು ಬೆಂಗಳೂರಿಗೆ ತರುವ ಬದಲು ಕೂಸಿನ ಕಣ್ಣಿನ ಚಿತ್ರವನ್ನು ಬೆಂಗಳೂರಿಗೆ ತರುವುದು ಇದರ ತಿರುಳು. ರೆಟ್‌ಕ್ಯಾಮ್ ಎಂಬ ಕ್ಯಾಮೆರಾವನ್ನು ಕಾರಿನಲ್ಲಿ ಹಾಕಿಕೊಂಡು, ತರಬೇತಾದ ತಂತ್ರಜ್ಞರು ಗೊತ್ತುಪಡಿಸಿದ ದಿನ ಒಂದೊಂದು ಊರಿನ ಶಿಶು ಘಟಕಕ್ಕೆ ಹೋಗುತ್ತಾರೆ. ಇವರು ವೈದ್ಯರಲ್ಲ ಎಂಬುದನ್ನು ಗಮನಿಸಿ. ಕೂಸಿನ ಕಣ್ಣಿಗೆ ಜೆಲ್ ಹಚ್ಚಿ, ಪೆನ್ನಿನಂತೆ ಹಿಡಿಯಬಹುದಾದ ಕ್ಯಾಮೆರಾದ ತುದಿಯನ್ನು ಮೃದುವಾಗಿ ತಾಗಿಸಿ, ಅಕ್ಷಿಪಟದ ಬೇರೆ ಬೇರೆ ದಿಕ್ಕಿನ ಚಿತ್ರಗಳನ್ನು ತೆಗೆಯುತ್ತಾರೆ. ಒಂದೊಂದು ಚಿತ್ರದಲ್ಲೂ ಅಕ್ಷಿಪಟದ ವಿಶಾಲ ಭಾಗ ಮೂಡುವುದು ಈ ಕ್ಯಾಮೆರಾದ ಹೆಚ್ಚುಗಾರಿಕೆ.

ಚಿತ್ರ ತೆಗೆದಲ್ಲಿಗೇ ಕೆಲಸ ಮುಗಿಯಲಿಲ್ಲ. ಅದನ್ನು ನೋಡಿ ಅಲ್ಲೇ ಮೂರು ಗುಂಪು ಮಾಡಲು ಈ ತಂತ್ರಜ್ಞರಿಗೆ ಕಲಿಸಲಾಯಿತು. ರಸ್ತೆಯ ಸಿಗ್ನಲ್ ದೀಪದ ಬಣ್ಣಗಳೇ ಇಲ್ಲಿಯೂ. ಹಸಿರು ಎಂದರೆ ನಾಳಗಳು ಬಲಿತಿವೆ, ಈ ಪರೀಕ್ಷೆ ಇನ್ನು ಬೇಡ. ಕಿತ್ತಳೆ ಎಂದರೆ ಮತ್ತೆ ಬರಬೇಕು. ಕೆಂಪು ಎಂದರೆ ತುರ್ತು ಚಿಕಿತ್ಸೆ. ಅದೇ ಹೊತ್ತಿಗೆ ಚಿತ್ರಗಳು ಇಂಟರ್‌ನೆಟ್ ಮೂಲಕ ಬೆಂಗಳೂರಿನ ತಜ್ಞರಿಗೆ ಹೋಗುತ್ತವೆ. ಅವರು ಕಂಪ್ಯೂಟರಿನಲ್ಲೋ ಮೊಬೈಲ್ ಫೋನಿನಲ್ಲೋ ನೋಡಿ ವರದಿ ಕಳಿಸುತ್ತಾರೆ. ಸ್ಮಾರ್ಟ್‌ಫೋನ್ ನಮ್ಮ ನಡುವೆ ಇನ್ನೂ ಅಪರೂಪವಾಗಿದ್ದ ಕಾಲಕ್ಕೇ ಇದು ನಡೆದಿತ್ತು. ತಾಯಿ ಆಸ್ಪತ್ರೆಯ ಬೆಂಚು ಬಿಟ್ಟು ಏಳುವ ಮುಂಚೆಯೇ ಮುಂದೇನು ಎಂಬುದು ಗೊತ್ತಾಗಬೇಕು ಎಂಬುದೇ ಇಲ್ಲಿನ ಗುಟ್ಟು. "ವರದಿ ಮುಂದಿನ ವಾರ ಬರುತ್ತದೆ, ಆಗ ಬನ್ನಿ" ಎಂದರೆ ಎಷ್ಟೋ ಜನ ಬರುವುದಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಮನೆಯಲ್ಲಿ ಬಿಟ್ಟು ಬಂದ ದೊಡ್ಡ ಮಗು ಎಲ್ಲವೂ ಅಡ್ಡ ಬರುತ್ತವೆ.

ವೈದ್ಯರಲ್ಲದವರ ಕೈಗೆ ಇಂತಹ ಹೊಣೆ ಕೊಡಬಹುದೇ ಎಂದು ನೀವು ಕೇಳಬಹುದು. ವೈದ್ಯ ವಲಯದಲ್ಲೂ ಈ ಪ್ರಶ್ನೆ ಎದ್ದಿತ್ತು. ಅದಕ್ಕಾಗಿಯೇ ತಂತ್ರಜ್ಞರ ಕೌಶಲವನ್ನು ಅಂಕ ಕೊಟ್ಟು ಅಳೆಯುವ ಪದ್ಧತಿ ಮಾಡಿ, ಅವರ ತೀರ್ಮಾನವನ್ನು ತಜ್ಞರ ತೀರ್ಮಾನದೊಂದಿಗೆ ಹೋಲಿಸಿ ನೋಡಿದರು. ರಾಜ್ಯದ ಗ್ರಾಮೀಣ ಕೇಂದ್ರಗಳ 1,600 ಶಿಶುಗಳ ಚಿತ್ರಗಳನ್ನು ಹೀಗೆ ಹೋಲಿಸಿದ ಅಧ್ಯಯನ 2014ರಲ್ಲಿ ಭಾರತೀಯ ನೇತ್ರವೈದ್ಯರ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅತ್ಯುನ್ನತ ದರ್ಜೆಯ ತರಬೇತಿ ಪಡೆದ ತಂತ್ರಜ್ಞರು ಹೇಳಿದ್ದು ನೂರಕ್ಕೆ 94ರಷ್ಟು ಸಲ ತಜ್ಞರ ಮಾತಿಗೆ ತಾಳೆಯಾಯಿತು. ಉಳಿದ ಆರರಲ್ಲಿ ಅಪಾಯವಾಗದಂತೆ ನೋಡಿಕೊಳ್ಳಲೆಂದೇ ದೂರದ ತಜ್ಞರ ಕಣ್ಣು ಇರುವುದು.

ಬೆಂಗಳೂರಿನ ಸುತ್ತಲಿನ ಜಿಲ್ಲೆಗಳಲ್ಲಿ ಆರಂಭವಾದ ಈ ಕೆಲಸ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೂಡಿ ಸರ್ಕಾರಿ ಆಸ್ಪತ್ರೆಗಳಿಗೂ, ಮುಂದೆ ಉತ್ತರ ಕರ್ನಾಟಕಕ್ಕೂ ಹರಡಿತು. ಹೊರಗೆ ಇಂತಹ ಪ್ರಯತ್ನ ಇರಲಿಲ್ಲವೆಂದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2005ರಲ್ಲೇ ನರ್ಸ್‌ಗಳಿಂದ ಚಿತ್ರ ತೆಗೆಸಿ ದೂರದಲ್ಲಿ ಓದುವ ವ್ಯವಸ್ಥೆ ಮಾಡಿದ್ದರು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆ ಇವೆರಡೂ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು. ಇವೂ ತಮ್ಮ ತಮ್ಮ ಪ್ರಾಂತ್ಯದಲ್ಲಿ ಶಿಶು ಘಟಕಗಳಿಗೇ ಹೋಗಿ ಕಣ್ಣು ನೋಡುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿವೆ. ವಿದೇಶಿ ಕ್ಯಾಮೆರಾದ ಬೆಲೆ ಸಣ್ಣ ಆಸ್ಪತ್ರೆಗಳಿಗೆ ಎಟುಕುವಂಥದ್ದಲ್ಲ. ಬೆಂಗಳೂರಿನದೇ ಆದ ಫೋರಸ್ ಹೆಲ್ತ್ ಕಂಪನಿ ಕಡಿಮೆ ಬೆಲೆಯಲ್ಲಿ ಶಿಶುಗಳ ಕಣ್ಣಿನ ಕ್ಯಾಮೆರಾ ತಯಾರಿಸಿದ ಮೇಲೆ ಹಾದಿ ಸ್ವಲ್ಪ ಸುಗಮವಾಯಿತು. ಚಿತ್ರವನ್ನು ಕಂಪ್ಯೂಟರೇ ಓದಿ ಹೇಳುವ ಪ್ರಯೋಗಗಳೂ ನಡೆದಿವೆ.

ಆದರೆ ಕ್ಯಾಮೆರಾ ಕೊಂಡ ಮಾತ್ರಕ್ಕೆ ಯಾರ ಕಣ್ಣೂ ಉಳಿಯುವುದಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವ ಯಂತ್ರಗಳನ್ನು ನಾವೆಲ್ಲ ನೋಡಿದ್ದೇವೆ. ವಾರ ತಪ್ಪದೆ ಹೋಗುವ ಕಾರು, ಚಿತ್ರ ತೆಗೆಯಬಲ್ಲ ಕೈ, ಆ ಸಂಜೆಯೇ ಚಿತ್ರ ನೋಡುವ ವೈದ್ಯರು, ಕೆಂಪು ಎಂದು ಬಂದರೆ ಎರಡು ಮೂರು ದಿನದೊಳಗೆ ಚಿಕಿತ್ಸೆ ಮಾಡುವವರು, ಇವಿಷ್ಟೂ ಸೇರಿದರೆ ಮಾತ್ರ ಯಂತ್ರಕ್ಕೆ ಬೆಲೆ.

ಫೋನ್ ನಂಬರಿನ ಪಾಡು

ಇಷ್ಟಾದರೂ ಕೈತಪ್ಪುವ ಮಕ್ಕಳಿದ್ದಾರೆ. ಕಾರಣ ಸಣ್ಣದು. ಆಸ್ಪತ್ರೆಯ ಪುಸ್ತಕದಲ್ಲಿ ಬರೆಸಿರುವುದು ತಂದೆಯ ಫೋನ್ ನಂಬರು. ತಂದೆ ಕೆಲಸಕ್ಕೆಂದು ಬೇರೆ ಊರಿನಲ್ಲಿರುತ್ತಾನೆ. ಬಾಣಂತಿ ತವರಿಗೆ ಹೋಗಿರುತ್ತಾಳೆ; ತವರು ಬೇರೆ ತಾಲ್ಲೂಕಿನಲ್ಲೋ ಬೇರೆ ಜಿಲ್ಲೆಯಲ್ಲೋ ಇರುತ್ತದೆ. ಪರೀಕ್ಷೆಯ ದಿನವನ್ನು ನೆನಪಿಸಲು ಮಾಡಿದ ಕರೆ ಯಾರಿಗೂ ತಲುಪುವುದಿಲ್ಲ. ಆದ್ದರಿಂದ ಮಗುವನ್ನು ಮನೆಗೆ ಕಳಿಸುವ ದಿನ ಮೂರು ನಂಬರು ಕೊಡಿ: ತಂದೆಯದು, ಬಾಣಂತಿ ಇರುವ ಮನೆಯದು, ಆ ಊರಿನ ಆಶಾ ಕಾರ್ಯಕರ್ತೆಯದು.

ಫೋನನ್ನೇ ಆರೈಕೆಯ ಸಾಧನ ಮಾಡಿಕೊಂಡ ಸೇವಾಸಂಸ್ಥೆಗಳೂ ಇವೆ. ಮುಂಬಯಿಯ ಅರ್ಮಾನ್ ಎಂಬ ಸಂಸ್ಥೆಯನ್ನು ಸ್ತ್ರೀರೋಗ ತಜ್ಞೆ ಡಾ. ಅಪರ್ಣಾ ಹೆಗಡೆ 2008ರಲ್ಲಿ ಕಟ್ಟಿದರು. ಅದು ಬಸಿರಿನ ತಿಂಗಳಿಗೆ, ಮಗುವಿನ ವಯಸ್ಸಿಗೆ ತಕ್ಕ ಮಾತನ್ನು ಧ್ವನಿಕರೆಯ ಮೂಲಕ ತಾಯಂದಿರಿಗೆ ಕೇಳಿಸುತ್ತದೆ. ಓದು ಬಾರದವರಿಗೂ ಇದರಿಂದ ಪ್ರಯೋಜನ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ಕೆಲಸ ಮಾಡಿರುವ ನೂರಾ ಹೆಲ್ತ್ ಎಂಬ ಸಂಸ್ಥೆ, ಕೂಸನ್ನು ಮನೆಗೆ ಕರೆದೊಯ್ಯುವ ಮುಂಚೆ ಮನೆಮಂದಿಗೆ ವಾರ್ಡಿನಲ್ಲೇ ಪಾಠ ಹೇಳಿ, ಆಮೇಲೆ ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಅದನ್ನೇ ಮುಂದುವರಿಸುವ ಕ್ರಮ ಹಾಕಿಕೊಂಡಿದೆ. ಬಾಣಂತನದಲ್ಲಿ ಮಾತು ನಡೆಯುವುದು ಅಜ್ಜಿಯದು, ಅತ್ತೆಯದು. ತಾಯಿಗೆ ಮಾತ್ರ ಹೇಳಿ ಕಳಿಸಿದರೆ ಸಾಲದು ಎಂಬುದನ್ನು ಇವರು ಚೆನ್ನಾಗಿ ಅರಿತಿದ್ದಾರೆ.

ಮನೆಯ ಹಿರಿಯರಲ್ಲಿ ಒಂದು ಮಾತು

ಮೂರು ತಿಂಗಳು ಆಗುವವರೆಗೆ, ಕನಿಷ್ಠ ತಿಂಗಳಾದರೂ ಆಗುವವರೆಗೆ, ಬಾಣಂತಿ ಮತ್ತು ಕೂಸನ್ನು ಹೊಸ್ತಿಲು ದಾಟಿಸದ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಸೋಂಕು ತಗಲದಿರಲಿ, ಚಳಿಗಾಳಿ ಸೋಕದಿರಲಿ ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿದೆ. ಆದರೆ ದಿನ ತುಂಬದ ಮಗುವಿಗೆ ಕಣ್ಣಿನ ಪರೀಕ್ಷೆಯ ಗಡುವು ಬೀಳುವುದೂ ಸರಿಯಾಗಿ ಅದೇ ದಿನಗಳಲ್ಲಿ. ನಾಮಕರಣ ಮುಗಿಯಲಿ, ಅಮಾವಾಸ್ಯೆ ಕಳೆಯಲಿ ಎನ್ನುವಷ್ಟರಲ್ಲಿ ಕಾಲ ಮೀರುತ್ತದೆ. ಬೆಚ್ಚಗೆ ಸುತ್ತಿ, ಟೋಪಿ ಹಾಕಿ, ತಾಯಿಯ ಎದೆಗೆ ಒತ್ತಿಕೊಂಡು ಕರೆದೊಯ್ದರೆ ಕೂಸಿಗೆ ಏನೂ ಆಗದು.

ಕಣ್ಣಿಗೆ ಹರಳೆಣ್ಣೆ ಬಿಡುವುದು, ಎದೆಹಾಲು ಹಿಂಡುವುದು, ಕಾಡಿಗೆ ಹಚ್ಚುವುದು ಬೇಡ. ಒಳಗಿನ ಅಕ್ಷಿಪಟಕ್ಕೆ ಇವು ಯಾವುದೂ ತಲುಪುವುದಿಲ್ಲ, ಮೇಲಿನ ಕಣ್ಣಿಗೆ ಸೋಂಕು ಮಾತ್ರ ತಗಲೀತು. "ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ" ಎಂಬ ಮಾತೂ ಬಳಕೆಯಲ್ಲಿದೆ. ಅದಕ್ಕೆ ಆಧಾರವಿಲ್ಲ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಲಾಭವೇ.

ಯಾರಿಗೆ, ಯಾವಾಗ?

34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ ಹುಟ್ಟಿದಾಗ ಎರಡು ಕಿಲೋಗಿಂತ ಕಡಿಮೆ ಇದ್ದ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಆಗಬೇಕು. ಇವೆರಡರಲ್ಲಿ ಯಾವುದೊಂದಿದ್ದರೂ ಸಾಕು. 34ರಿಂದ 36 ವಾರದೊಳಗೆ ಹುಟ್ಟಿ, ಆಮ್ಲಜನಕ ಪಡೆದ, ಸೋಂಕು ತಗಲಿದ ಅಥವಾ ರಕ್ತ ಕೊಡಿಸಿಕೊಂಡ ಮಕ್ಕಳಿಗೂ ಶಿಶುತಜ್ಞರು ಹೇಳಿದರೆ ಮಾಡಿಸಬೇಕು. ಮೊದಲ ಪರೀಕ್ಷೆ ಹುಟ್ಟಿದ ಮೂವತ್ತು ದಿನದೊಳಗೆ. 28 ವಾರಕ್ಕಿಂತ ಮುಂಚಿನ ಅಥವಾ 1,200 ಗ್ರಾಮಿಗಿಂತ ಕಡಿಮೆ ತೂಕದ ಕೂಸುಗಳಿಗೆ ಎರಡು ಮೂರು ವಾರದಲ್ಲೇ. ಲೆಕ್ಕ ಹುಟ್ಟಿದ ದಿನದಿಂದ, ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲ್ಲ. ಈ ಲೆಕ್ಕದಲ್ಲೇ ಬಹಳ ಜನ ಎಡವುತ್ತಾರೆ. ಮೂರು ವಾರ ಪೆಟ್ಟಿಗೆಯಲ್ಲಿದ್ದ ಕೂಸಿಗೆ ಮನೆಗೆ ಬಂದ ಮೇಲೆ ಉಳಿದಿರುವುದು ಒಂದೇ ವಾರ.

ಇನ್ನೊಂದು ತಪ್ಪು, "ಒಮ್ಮೆ ತೋರಿಸಿದ್ದೇವೆ, ಏನೂ ಇಲ್ಲ ಅಂದರು" ಎಂದು ಸುಮ್ಮನಾಗುವುದು. ಕಾಯಿಲೆ ಹುಟ್ಟುವಾಗಲೇ ಇರುವುದಿಲ್ಲ, ಮುಂದಿನ ವಾರಗಳಲ್ಲಿ ಹುಟ್ಟಿಕೊಳ್ಳುತ್ತದೆ ಎಂದು ಮೇಲೆ ನೋಡಿದೆವಲ್ಲ? ಆದ್ದರಿಂದ ನಾಳಗಳು ಅಂಚು ಮುಟ್ಟುವವರೆಗೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ವೈದ್ಯರು ಕರೆದಾಗಲೆಲ್ಲ ಹೋಗಬೇಕು. "ಇನ್ನು ಬೇಡ" ಎಂದು ಅವರ ಬಾಯಿಂದ ಬಂದ ಮೇಲೆಯೇ ಬಿಡಬೇಕು.

ಪರೀಕ್ಷೆಗೆ ಒಂದು ಗಂಟೆ ಮುಂಚೆ ಹಾಲು ಕುಡಿಸಬೇಡಿ, ಅಳುವಾಗ ವಾಂತಿಯಾದೀತು. ಪಾಪೆ ಅರಳಲು ಎರಡು ಮೂರು ಸಲ ಹನಿ ಔಷಧ ಹಾಕುತ್ತಾರೆ. ರೆಪ್ಪೆ ಮುಚ್ಚದಂತೆ ಸಣ್ಣ ತಂತಿಯ ಚಿಮಟ ಇಡುತ್ತಾರೆ. ನೋಡಲು ಕಷ್ಟವೆನಿಸುತ್ತದೆ, ಕೂಸು ಜೋರಾಗಿಯೇ ಅಳುತ್ತದೆ. ಎದೆಗವಚಿಕೊಂಡು ಹಾಲು ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸಮಾಧಾನವಾಗುತ್ತದೆ. ಕಣ್ಣು ಒಂದು ದಿನ ಕೆಂಪಾಗಿರಬಹುದು, ಹೆದರಬೇಡಿ.

ಚಿಕಿತ್ಸೆ ಬೇಕೆಂದಾದರೆ ಸಾಮಾನ್ಯವಾಗಿ ಲೇಸರ್. ರಕ್ತನಾಳವಿಲ್ಲದೆ ಹಸಿದು ತಪ್ಪು ಸಂಕೇತ ಕಳಿಸುತ್ತಿರುವ ಅಂಚಿನ ಭಾಗವನ್ನು ಬೆಳಕಿನ ಕಿರಣದಿಂದ ಚುಕ್ಕಿ ಚುಕ್ಕಿಯಾಗಿ ಸುಟ್ಟು ಸುಮ್ಮನಾಗಿಸುತ್ತಾರೆ. ಅಂಚನ್ನು ಬಿಟ್ಟುಕೊಟ್ಟು ನಡುವಿನ ದೃಷ್ಟಿಯನ್ನು ಉಳಿಸಿಕೊಳ್ಳುವ ವ್ಯವಹಾರ ಇದು. ಕೊಯ್ಯುವುದು, ಹೊಲಿಯುವುದು ಇಲ್ಲ. ಸಕಾಲದಲ್ಲಿ ಮಾಡಿದರೆ ಹತ್ತರಲ್ಲಿ ಒಂಬತ್ತು ಕಣ್ಣುಗಳಲ್ಲಿ ಕಾಯಿಲೆ ಅಡಗುತ್ತದೆ. ಕೆಲವು ಸಂದರ್ಭಗಳಲ್ಲಿ, ಅದರಲ್ಲೂ ಉಗ್ರರೂಪದಲ್ಲಿ, ಕಣ್ಣಿನೊಳಗೆ ಚುಚ್ಚುಮದ್ದು ಕೊಡುತ್ತಾರೆ. ಚುಚ್ಚುಮದ್ದು ಪಡೆದ ಕೂಸಿನಲ್ಲಿ ಕಾಯಿಲೆ ತಿಂಗಳುಗಳ ನಂತರ ಮರಳಿ ಬರಬಹುದು. ಅಂತಹವರು ಇನ್ನೂ ಹೆಚ್ಚು ಕಾಲ ತೋರಿಸುತ್ತಿರಬೇಕು. ಚಿಕಿತ್ಸೆಗೆ ನಲವತ್ತೆಂಟರಿಂದ ಎಪ್ಪತ್ತೆರಡು ಗಂಟೆಗಳ ಅವಧಿ ಎನ್ನುತ್ತಾರೆ. ಊರಿಗೆ ಹೋಗಿ ಹಿರಿಯರನ್ನು ಕೇಳಿ ಬರುತ್ತೇವೆ ಎನ್ನುವಷ್ಟು ಸಮಯ ಇರುವುದಿಲ್ಲ. ಹಿರಿಯರನ್ನು ಫೋನಿನಲ್ಲೇ ಕೇಳಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಕಾಯಿಲೆ ಸೇರಿದೆ. ಅದರಡಿ ಗುರುತಿಸಿದ ಮಕ್ಕಳಿಗೆ ಚಿಕಿತ್ಸೆ ಉಚಿತ. ನಿಮ್ಮ ಜಿಲ್ಲಾ ಆಸ್ಪತ್ರೆಯ ಶಿಶು ಘಟಕದಲ್ಲಿ ವಿಚಾರಿಸಿ. ಯಾರೂ ಹೇಳದಿದ್ದರೆ ನೀವೇ ಕೇಳಿ. ಕೇಳುವ ಹಕ್ಕು ನಿಮಗಿದೆ ಎಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಎತ್ತಿಹಿಡಿದಿದೆ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 29ನೇ ವಾರಕ್ಕೆ ಹುಟ್ಟಿದ ಹೆಣ್ಣುಮಗುವಿಗೆ ಈ ಪರೀಕ್ಷೆಯ ಮಾತನ್ನೇ ಯಾರೂ ಎತ್ತಲಿಲ್ಲ, ಮಗು ಕುರುಡಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಕುಟುಂಬಕ್ಕೆ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ವರ್ಷಗಟ್ಟಲೆ ನಡೆದ ಹೋರಾಟ. ಪರಿಹಾರ ಬಂತು, ಕಣ್ಣು ಬರಲಿಲ್ಲ.

ಕಾಯಿಲೆ ಬರದಂತೆ ತಡೆಯಬಹುದೇ ಎಂದರೆ, ಪೂರ್ತಿ ಆಗದು. ಆದರೆ ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಕಂಡೊಡನೆ ಆಸ್ಪತ್ರೆ ಸೇರಿದರೆ, ಕೂಸಿನ ಶ್ವಾಸಕೋಶ ಬಲಿಯಲು ತಾಯಿಗೇ ಚುಚ್ಚುಮದ್ದು ಕೊಡುತ್ತಾರೆ. ಆಗ ಹುಟ್ಟಿದ ಮೇಲೆ ಆಮ್ಲಜನಕದ ಅಗತ್ಯ ಕಡಿಮೆಯಾಗಬಹುದು. ಎದೆಹಾಲು, ಕೂಸನ್ನು ತಾಯಿಯ ಬರಿಮೈಗೆ ಒತ್ತಿಕೊಂಡು ಇಡುವ ಕಾಂಗರೂ ಆರೈಕೆ, ಮುಟ್ಟುವ ಮುಂಚೆ ಕೈ ತೊಳೆಯುವುದು ಇವೆಲ್ಲ ತೂಕ ಏರಲು, ಸೋಂಕು ದೂರವಿರಲು ನೆರವಾಗುತ್ತವೆ.

ಪರೀಕ್ಷೆಯಲ್ಲಿ ಹಸಿರು ಬಂದ ಮಕ್ಕಳಿಗೂ ಮುಂದೆ ಸಮೀಪದೃಷ್ಟಿ, ಮೆಳ್ಳೆಗಣ್ಣು, ಒಂದು ಕಣ್ಣು ಮಂಕಾಗುವುದು ಉಳಿದ ಮಕ್ಕಳಿಗಿಂತ ಹೆಚ್ಚು. ಲೇಸರ್ ಆದವರಲ್ಲಿ ಎಷ್ಟೋ ಮಕ್ಕಳಿಗೆ ಎರಡು ವರ್ಷದೊಳಗೇ ಕನ್ನಡಕ ಬೇಕಾಗುತ್ತದೆ. ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ, ಅನಂತರ ಶಾಲೆಗೆ ಸೇರುವವರೆಗೆ ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ. ಹೋಗುವಾಗ ತಾಯಿ ಕಾರ್ಡ್, ಡಿಸ್‌ಚಾರ್ಜ್ ಚೀಟಿ ಮತ್ತು ಹುಟ್ಟಿದ ವಾರ, ತೂಕ, ಹಿಂದಿನ ಪರೀಕ್ಷೆಯ ದಿನಾಂಕ ಬರೆದ ಹಾಳೆಯನ್ನು ಒಂದೇ ಕವರಿನಲ್ಲಿ ಇಟ್ಟುಕೊಂಡು ಹೋಗಿ. ಚೀಟಿಯಲ್ಲಿರುವ ಇಂಗ್ಲಿಷ್ ಅಕ್ಷರಗಳ ಅರ್ಥ ತಿಳಿಯದಿದ್ದರೆ, ಮನೆಗೆ ಹೊರಡುವ ಮುಂಚೆ ಅಲ್ಲಿನ ನರ್ಸ್ ಹತ್ತಿರ ಕನ್ನಡದಲ್ಲಿ ಬರೆಸಿಕೊಳ್ಳಿ.